ಗೋಡೆಯ ಒಲೆಯೂ ನಾನು ಕಲಿಸದೆ ಬಿಟ್ಟ ಪಾಠವೂ

ಬಹಳ ದಿನಗಳಿಂದ ಈ ಪುಟದಲ್ಲಿ ಏನನ್ನೂ ಬರೆದಿರಲಿಲ್ಲ. ‘ಮಿಸ್, ಆರೋಗ್ಯವಾಗಿದ್ದೀರಾ?’ ಎಂದು ಹಳೆಯ ವಿದ್ಯಾರ್ಥಿಗಳಿಬ್ಬರು ವಿಚಾರಿಸಿದ್ದಾರೆ. ಮೈಸೂರಿನ ತಂಗಿಯಂತೂ ‘ಅಕ್ಕಾ, ಬರೆಯೋದನ್ನೇ ಬಿಟ್ಟೆಯಾ?’ ಎಂದು ಫೋನಿನಲ್ಲೇ ಜಗಳ ತೆಗೆದಳು. ನಾನು ಚೆನ್ನಾಗಿಯೇ ಇದ್ದೇನೆ. ಕೆಟ್ಟದ್ದು ನನ್ನ ಆರೋಗ್ಯವಲ್ಲ, ನಮ್ಮ ಮನೆಯ ಓವನ್! ಅದರ ಬೆನ್ನು ಹತ್ತಿ ಅಲೆದದ್ದರಿಂದ ನನಗೆ ತಿಳಿದ ಒಂದೆರಡು ಮಾತುಗಳನ್ನು ನಿಮ್ಮ ಮುಂದಿಡಬೇಕೆನಿಸಿದೆ.

ನಿವೃತ್ತಿಯ ನಂತರ ನಾನು ವೈಟ್‌ಫೀಲ್ಡಿನಲ್ಲಿ ಮಗನ ಮನೆಯಲ್ಲಿರುವುದು ನಿಮಗೆಲ್ಲ ಗೊತ್ತೇ ಇದೆ. ಆ ಫ್ಲ್ಯಾಟಿನ ಹಿಂದಿನ ಮಾಲೀಕರು ಅಡುಗೆಮನೆಯ ಮರದ ಬೀರುವಿನೊಳಗೆ, ಎದೆಯ ಎತ್ತರಕ್ಕೆ, ಓವನ್ ಒಂದನ್ನು ಕೂಡಿಸಿಟ್ಟಿದ್ದರು. ಗೋಡೆಯದೇ ಒಂದು ಭಾಗವೇನೋ ಎಂಬಂತೆ ಬರೀ ಗಾಜಿನ ಬಾಗಿಲು ಹೊರಗೆ ಕಾಣುತ್ತದೆ. ನಮ್ಮ ಕಾಲದಲ್ಲಿ ಕೇಕ್ ಎಂದರೆ ಅಯ್ಯಂಗಾರ್ ಬೇಕರಿಯಿಂದ ಕಾಗದದಲ್ಲಿ ಸುತ್ತಿ ತರುವ ಪದಾರ್ಥ. ಮನೆಯಲ್ಲಿ ಮಾಡುವುದನ್ನು ನನಗೆ ಕಲಿಸಿದವಳು ಮೊಮ್ಮಗಳು. ಈಗ ರಾಗಿ ಬಿಸ್ಕತ್ತು, ಮೊಟ್ಟೆಯಿಲ್ಲದ ಕೇಕ್ ಎರಡನ್ನೂ ಧೈರ್ಯವಾಗಿ ಮಾಡುತ್ತೇನೆ.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಕರೆಂಟು ಹೋಗಿ ಬಂದಿತು. ಮರುದಿನ ಓವನ್ ಹಚ್ಚಿದರೆ ಒಳಗಿನ ದೀಪ ಉರಿಯುತ್ತದೆ, ಬಿಸಿ ಮಾತ್ರ ಇಲ್ಲ. ಕಂಪನಿಗೆ ಫೋನ್ ಮಾಡಿದೆವು. ಮೂರು ದಿನಗಳ ನಂತರ ಬಂದ ಹುಡುಗ ಮಿಣುಕುತ್ತಿದ್ದ ಗಡಿಯಾರಕ್ಕೆ ಸಮಯ ಹೊಂದಿಸಿದ, ಓವನ್ ಬಿಸಿಯಾಯಿತು! ಇಂಥ ಅನೇಕ ಓವನ್‌ಗಳು ಕರೆಂಟು ಹೋದ ಮೇಲೆ ಗಡಿಯಾರ ಹೊಂದಿಸುವ ತನಕ ಬಿಸಿಯಾಗುವುದೇ ಇಲ್ಲವಂತೆ. ಎರಡು ನಿಮಿಷದ ಕೆಲಸಕ್ಕೆ ಐನೂರು ರೂಪಾಯಿ ಕೊಟ್ಟೆವು. ಅವನನ್ನು ದೂರಲಾರೆ, ಓದದೆ ಇಟ್ಟಿದ್ದ ಕೈಪಿಡಿ ನಮ್ಮ ಮನೆಯ ಅಟ್ಟದಲ್ಲೇ ಇತ್ತು.

ಎರಡನೆಯ ಸಲದ ತೊಂದರೆ ಅಷ್ಟು ಸುಲಭದ್ದಾಗಿರಲಿಲ್ಲ. ಮೊಮ್ಮಗಳ ಹುಟ್ಟುಹಬ್ಬಕ್ಕೆ ನಾಲ್ಕು ದಿನವಿರುವಾಗ ಮಾಡಿ ನೋಡಿದ ಕೇಕಿನ ಮೇಲ್ಭಾಗ ಕಂದು ಬಣ್ಣಕ್ಕೆ ತಿರುಗಿತ್ತು, ತಳ ಹಸಿ ಹಿಟ್ಟಾಗಿಯೇ ಉಳಿದಿತ್ತು. ವಿಜ್ಞಾನದ ಮೇಷ್ಟರಗಿತ್ತಿಯಾದ ನನಗೆ ಇಷ್ಟಾದರೂ ಹೊಳೆಯಬೇಕಷ್ಟೆ: ಮೇಲಿನ ಎಲಿಮೆಂಟ್ ಕೆಲಸ ಮಾಡುತ್ತಿದೆ, ಕೆಳಗಿನದು ಸತ್ತಿದೆ. ಕಂಪನಿಯವರು ಬಂದು ನೋಡಿ ಅದನ್ನೇ ಹೇಳಿದರು. ಆದರೆ ಆ ಮಾದರಿಯ ತಯಾರಿಕೆ ನಿಂತುಹೋಗಿದೆ, ಎಲಿಮೆಂಟ್ ಸಿಗುವುದಿಲ್ಲ, ಹೊಸ ಓವನ್ ತೆಗೆದುಕೊಳ್ಳಿ ಎಂದರು. ಬೀರುವಿನ ಗೂಡು ಹಳೆಯ ಓವನಿನ ಅಳತೆಯದು. ಈ ಓವನ್‌ಗಳ ಅಗಲ ಹೆಚ್ಚಾಗಿ 60 ಸೆಂಟಿಮೀಟರಿನ ಆಸುಪಾಸಿನದೇ ಆದರೂ ಎತ್ತರ ಮತ್ತು ತಿರುಪಿನ ಜಾಗ ಬೇರೆಯಾದರೆ ಬಡಗಿಯನ್ನೂ ಕರೆಯಬೇಕು. ಒಂದು ಕೊಳವೆ ಕೆಟ್ಟಿದ್ದಕ್ಕೆ ಓವನ್ ಬದಲಿಸಬೇಕು, ಓವನಿಗಾಗಿ ಮರಗೆಲಸ ಮಾಡಿಸಬೇಕು! ಮೂಗಿಗಿಂತ ಮೂಗುತಿ ಭಾರವೆನ್ನುವುದು ಇದಕ್ಕೇ ಇರಬೇಕು.

ಆ ರಾತ್ರಿ ನನಗೆ ನೆನಪಾದದ್ದು ಕುಕ್ಕರಿನ ಗ್ಯಾಸ್ಕೆಟ್. ಯಾವ ಊರಿನ ಪಾತ್ರೆ ಅಂಗಡಿಗೆ ಹೋದರೂ ಕುಕ್ಕರಿನ ಗ್ಯಾಸ್ಕೆಟ್, ಸೇಫ್ಟಿ ವಾಲ್ವ್, ವೆಯ್ಟು ಮೊಳೆಯಲ್ಲಿ ತೂಗುಬಿದ್ದಿರುತ್ತವೆ. ಮಿಕ್ಸಿ ಜಾರಿನ ಬುಷ್, ಗ್ರೈಂಡರಿನ ಬೆಲ್ಟು ಕೂಡ ಹಾಗೆಯೇ. ನನ್ನ ಮದುವೆಯಲ್ಲಿ ಕೊಟ್ಟ ಕುಕ್ಕರು ಈ ಬಿಡಿಭಾಗಗಳ ಬಲದಿಂದಲೇ ಇಂದಿಗೂ ಕೂಗುತ್ತಿದೆ. ಇವುಗಳ ಅಳತೆ ಗುಟ್ಟಾಗಿ ಉಳಿದಿಲ್ಲ, ಮಾಡುವವರು ಹಲವರು, ಮಾರುವವರು ಇನ್ನೂ ಹಲವರು. ಓವನಿನ ಎಲಿಮೆಂಟ್ ಹಾಗಲ್ಲ. ಒಂದೊಂದು ಮಾದರಿಗೂ ಬಾಗು ಬೇರೆ, ಪಟ್ಟಿಯ ತೂತು ಬೇರೆ. ಅದರೊಳಗೆ ಇರುವುದು ಮಾತ್ರ ನೂರು ವರ್ಷಕ್ಕೂ ಹಿಂದಿನ ವಿದ್ಯೆ: ನಡುವೆ ನೈಕ್ರೋಮ್ ತಂತಿಯ ಸುರುಳಿ, ಸುತ್ತ ಅದುಮಿ ತುಂಬಿದ ಮೆಗ್ನೀಷಿಯಂ ಆಕ್ಸೈಡ್ ಪುಡಿ, ಹೊರಗೆ ಉಕ್ಕಿನ ಕೊಳವೆ. ಆ ಪುಡಿ ಶಾಖವನ್ನು ಹೊರಗೆ ಬಿಡುತ್ತದೆ, ವಿದ್ಯುತ್ತನ್ನು ಬಿಡುವುದಿಲ್ಲ. ನೈಕ್ರೋಮಿಗೆ ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಪೇಟೆಂಟ್ ಪಡೆದರೆಂಬುದನ್ನು ತರಗತಿಯಲ್ಲಿ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಮಗ ಒಂದು ಶನಿವಾರ ಎಸ್.ಪಿ. ರಸ್ತೆಗೆ ಹೋಗಿ ಬಂದ. ಮೊಬೈಲಿನ ಚಿತ್ರ ನೋಡಿ ಅಂಗಡಿಯವರು ಕೈಯಾಡಿಸಿ ಕಳಿಸಿದ್ದರು. ಕೊನೆಗೆ ನಾನು ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಂಕೋಚದಿಂದಲೇ ಕೇಳಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು: ‘ಮಿಸ್, ಪೀಣ್ಯದಲ್ಲಿ ನಾನು ಮಾಡೋದೇ ಹೀಟರ್ ಕೆಲಸ. ಹಳೇ ಎಲಿಮೆಂಟ್ ಬಿಚ್ಚಿಸಿ ತನ್ನಿ. ಫೋಟೋದಲ್ಲಿ ಆಗಲ್ಲ.’

ಬಿಚ್ಚಿಸುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಎಲೆಕ್ಟ್ರಿಷಿಯನ್ ಮೊದಲು ಓವನಿನ ಎಂ.ಸಿ.ಬಿ. ಇಳಿಸಿದ. ಬಾಗಿಲು ತೆರೆದರೆ ಚೌಕಟ್ಟಿನ ಪಕ್ಕದಲ್ಲಿ ಕಾಣುವ ತಿರುಪುಗಳನ್ನು ತೆಗೆದು, ಮಗನೊಂದಿಗೆ ಸೇರಿ ಓವನನ್ನು ಹೊರಗೆಳೆದ. ಅದು ಒಬ್ಬರಿಂದ ಎತ್ತಲಾಗದಷ್ಟು ಭಾರ. ಹಿಂಬದಿಯ ತಗಡು ಬಿಚ್ಚಿ, ತಂತಿಗಳು ಯಾವುದು ಎಲ್ಲಿತ್ತೆಂದು ಚಿತ್ರ ತೆಗೆದುಕೊಂಡು, ಎಲಿಮೆಂಟನ್ನು ಈಚೆಗೆ ತೆಗೆದ. ಅದರ ಮೇಲೆ 230 ವೋಲ್ಟ್, 1,100 ವ್ಯಾಟ್ ಎಂದು ಮುದ್ರಿಸಿತ್ತು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ವೋಲ್ಟಿನ ವರ್ಗವನ್ನು ವ್ಯಾಟಿನಿಂದ ಭಾಗಿಸಿದರೆ ರೋಧ ಸುಮಾರು 48 ಓಮ್. ಮೇಲಿನ ಕೊಳವೆ ಎಷ್ಟು ಚೆನ್ನಾಗಿ ಕಂಡರೂ ಒಳಗಿನ ತಂತಿ ತುಂಡಾಗಿದ್ದರೆ ಮೀಟರು ಏನನ್ನೂ ತೋರಿಸಬಾರದು. ತೋರಿಸಲಿಲ್ಲ. ‘ನೋಡಿ ಅಮ್ಮ, ನೀವೇ ಹಿಡ್ಕೊಳ್ಳಿ’ ಎಂದು ಆ ಹುಡುಗ ಮೀಟರಿನ ಕಡ್ಡಿಗಳನ್ನು ನನ್ನ ಕೈಗೆ ಕೊಟ್ಟ. ಮೂವತ್ತಕ್ಕೂ ಹೆಚ್ಚು ವರ್ಷ ಓಮನ ನಿಯಮ ಬೋಧಿಸಿದ ನಾನು, ಮನೆಬಳಕೆಯ ಒಂದು ಸಾಧನದ ಮೇಲೆ ಮೀಟರು ಇಟ್ಟು ನೋಡಿದ್ದು ಅದೇ ಮೊದಲು! ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಕಾಡುಗೋಡಿಯಿಂದ ಮೆಜೆಸ್ಟಿಕ್‌ವರೆಗೆ ನೇರಳೆ ಮಾರ್ಗ, ಅಲ್ಲಿಂದ ಹಸಿರು ಮಾರ್ಗ. ಕಾಗದದಲ್ಲಿ ಸುತ್ತಿದ ಎಲಿಮೆಂಟನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಇಳಿದೆ. ಒಂದು ತುದಿಯಲ್ಲಿ ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳು, ಇನ್ನೊಂದು ತುದಿಯಲ್ಲಿ ಪೀಣ್ಯದ ತಗಡಿನ ಶೆಡ್ಡುಗಳು. ಎರಡೂ ಬೆಂಗಳೂರೇ. ನೆಲಮಂಗಲ ತಾಲ್ಲೂಕಿನ ನಮ್ಮ ಶಾಲೆಯಿಂದ ಹೊರಬಿದ್ದ ಎಷ್ಟೋ ಹುಡುಗರಿಗೆ ಅನ್ನ ಕೊಟ್ಟದ್ದು ಈ ಎರಡನೆಯ ತುದಿ.

ಅವನ ಶೆಡ್ಡಿನಲ್ಲಿ ಆರು ಜನ ಕೆಲಸ ಮಾಡುತ್ತಾರೆ. ಎಲಿಮೆಂಟನ್ನು ಕೈಗೆ ತೆಗೆದುಕೊಂಡವನೇ ಕೊಳವೆಯ ದಪ್ಪ, ಒಟ್ಟು ಉದ್ದ, ಬಾಗುಗಳ ನಡುವಿನ ಅಂತರ, ಪಟ್ಟಿಯ ತೂತುಗಳ ದೂರ ಎಲ್ಲವನ್ನೂ ಕ್ಯಾಲಿಪರಿನಿಂದ ಅಳೆದು ಬರೆದುಕೊಂಡ. ಸುರುಳಿಯನ್ನು ಕೊಳವೆಯಲ್ಲಿ ನಿಲ್ಲಿಸಿ ಪುಡಿ ತುಂಬುವುದನ್ನೂ, ಪುಡಿ ಬಿಗಿಯಾಗಲೆಂದು ಕೊಳವೆಯನ್ನು ಉರುಳೆಗಳ ನಡುವೆ ಹಾಯಿಸಿ ಸಣ್ಣದಾಗಿಸುವುದನ್ನೂ, ಆಮೇಲೆ ಬಗ್ಗಿಸುವುದನ್ನೂ ತೋರಿಸಿದ. ತುದಿಗಳ ಮುಚ್ಚಿಗೆ ಸರಿಯಿಲ್ಲದಿದ್ದರೆ ಪುಡಿ ತೇವ ಹೀರುತ್ತದಂತೆ, ಆಗ ಓವನ್ ಹಚ್ಚಿದೊಡನೆ ಮನೆಯ ಇ.ಎಲ್.ಸಿ.ಬಿ. ಬೀಳುತ್ತದಂತೆ. ನಾಲ್ಕು ದಿನಗಳಲ್ಲಿ ಹೊಸ ಎಲಿಮೆಂಟ್ ಕೊಟ್ಟ. ದುಡ್ಡು ಬೇಡವೆಂದ. ನಾನು ಒಪ್ಪಲಿಲ್ಲ, ಕಡೆಗೆ ಒಂಬೈನೂರು ರೂಪಾಯಿ ತೆಗೆದುಕೊಂಡ. ಹುಟ್ಟುಹಬ್ಬ ಅಷ್ಟರಲ್ಲಿ ಬೇಕರಿಯ ಕೇಕಿನಲ್ಲಿ ಮುಗಿದುಹೋಗಿತ್ತು, ಅದಿರಲಿ.

ಹೊರಡುವಾಗ ಅವನು ನಗುತ್ತಲೇ ಕೇಳಿದ: ‘ಮಿಸ್, ಓಮನ ನಿಯಮ ಬೋರ್ಡಿನ ಮೇಲೆ ಎಷ್ಟು ಚೆನ್ನಾಗಿ ಹೇಳ್ಕೊಡ್ತಿದ್ರಿ. ಲ್ಯಾಬಿನ ಬೀರೂಗೆ ಮಾತ್ರ ಯಾವಾಗಲೂ ಬೀಗ ಇರ್ತಿತ್ತಲ್ಲ, ಯಾಕೆ?’

ಒಡೆದುಹೋದರೆ ದಾಸ್ತಾನು ಪುಸ್ತಕದಲ್ಲಿ ನಾನು ಲೆಕ್ಕ ಕೊಡಬೇಕಾಗುತ್ತಿತ್ತು, ಅದಕ್ಕೆ. ಅಷ್ಟೇ ಕಾರಣ. ಅವನಿಗೆ ಅದನ್ನು ಹೇಳಿದೆ. ಹೇಳದೆ ಉಳಿದದ್ದು ಇನ್ನೊಂದಿದೆ. ಲೆಕ್ಕ ತಪ್ಪಿದ ಹುಡುಗರಿಗೆ ‘ಹೀಗೇ ಆದರೆ ಐ.ಟಿ.ಐ.ಗೆ ಹೋಗ್ಬೇಕಾಗುತ್ತೆ ನೋಡು’ ಎಂದು ನಾನು ಹೆದರಿಸುತ್ತಿದ್ದೆ. ಅವನಿಗೂ ಹೇಳಿದ್ದೆ. ಅವನು ಹೋದದ್ದೂ ಐ.ಟಿ.ಐ.ಗೇ. ಅವನಿಗೆ ಆ ಮಾತು ನೆನಪಿದೆಯೋ ಇಲ್ಲವೋ ತಿಳಿಯದು, ನನಗಂತೂ ಮೆಟ್ರೋದಲ್ಲಿ ಕುಳಿತಷ್ಟು ಹೊತ್ತೂ ಅದೇ ಕಿವಿಯಲ್ಲಿತ್ತು. ಕೈಕೆಸರಾದರೆ ಬಾಯಿಮೊಸರು ಎಂಬ ಗಾದೆಯನ್ನು ವಿಸ್ತರಿಸಿ ಬರೆಯಲು ಹೇಳುತ್ತಿದ್ದ ಶಾಲೆಯಲ್ಲಿಯೇ ಕೈಕೆಸರು ಮಾಡಿಕೊಳ್ಳುವ ಬದುಕನ್ನು ಶಿಕ್ಷೆಯೆಂದು ತೋರಿಸಿದವರು ನಾವು.

ದುರಸ್ತಿಯ ಹಕ್ಕಿನ ಬಗ್ಗೆ ಈಗ ಎಲ್ಲೆಡೆ ಮಾತು ನಡೆದಿದೆ. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಇದಕ್ಕಾಗಿ ಸಮಿತಿಯೊಂದನ್ನು ರಚಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಜಾಲತಾಣವೊಂದನ್ನು ತೆರೆಯಿತು. ಕೃಷಿ ಉಪಕರಣ, ಮೊಬೈಲು, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ವಿಭಾಗಗಳನ್ನು ಅದು ಗುರುತಿಸಿದೆ. ಒಳ್ಳೆಯದೇ. ಆದರೆ ಮಾಹಿತಿ ಕೊಡುವುದು ಬೇರೆ, ಬಿಡಿಭಾಗ ಕೊಡಲೇಬೇಕೆಂದು ಕಟ್ಟುಮಾಡುವುದು ಬೇರೆ. ಯುರೋಪಿನ ಒಕ್ಕೂಟ 2021ರಿಂದಲೇ ಫ್ರಿಜ್ಜುಗಳಿಗೆ ಕನಿಷ್ಠ 7 ವರ್ಷ, ಬಟ್ಟೆ ಒಗೆಯುವ ಯಂತ್ರಗಳಿಗೆ 10 ವರ್ಷ ಬಿಡಿಭಾಗಗಳನ್ನು ಒದಗಿಸಬೇಕೆಂದು ತಯಾರಕರಿಗೆ ವಿಧಿಸಿದೆ. ಗೋಡೆಯೊಳಗೆ ಕೂಡಿಸುವ ವಸ್ತುಗಳಿಗಂತೂ ಇಂಥ ಕಟ್ಟಳೆ ನಮ್ಮಲ್ಲಿ ಇನ್ನೂ ಹೆಚ್ಚು ಅಗತ್ಯ. ಅವು ಕೆಟ್ಟರೆ ಮನೆಯನ್ನೇ ಕೆದಕಬೇಕಾಗುತ್ತದೆ. ಮಾರಾಟ ನಿಲ್ಲಿಸಿದ ಮಾದರಿಯ ಎಲಿಮೆಂಟಿನ ಅಳತೆಯನ್ನಾದರೂ ಕಂಪನಿ ಪ್ರಕಟಿಸಿದರೆ ಸಾಕು, ಉಳಿದದ್ದನ್ನು ಪೀಣ್ಯ ನೋಡಿಕೊಳ್ಳುತ್ತದೆ.

ಆದರೆ ಕಾನೂನೊಂದೇ ಸಾಲದು ಎಂಬುದು ನನ್ನ ಅಭಿಪ್ರಾಯ. ಹಕ್ಕು ಕೈಗೆ ಬಂದ ದಿನ ಕೈಗೆ ಕೆಲಸ ಗೊತ್ತಿರಬೇಡವೇ? ಪ್ರತಿಯೊಂದು ಪ್ರೌಢಶಾಲೆಯಲ್ಲೂ ಹತ್ತನೆಯ ತರಗತಿಯ ವಿದ್ಯುತ್ತಿನ ಪಾಠ ಒಂದು ಕೆಟ್ಟ ಇಸ್ತ್ರಿಪೆಟ್ಟಿಗೆ ಮತ್ತು ಒಂದು ಮೀಟರಿನಿಂದ ಆರಂಭವಾಗಲಿ, ಪ್ಲಗ್ಗನ್ನು ಕಿತ್ತು ಪಕ್ಕಕ್ಕಿಟ್ಟ ಮೇಲೆ. ಹುಡುಗಿಯರ ಕೈಗೂ ಕಡ್ಡಿಗಳನ್ನು ಕೊಡಿ. ನಿಮ್ಮಲ್ಲಿ ಈಗ ಶಿಕ್ಷಕರಾಗಿರುವವರಿಗೆ ನನ್ನ ಕೋರಿಕೆ ಇದೊಂದೇ: ಬೀರುವಿನ ಬೀಗ ತೆಗೆಯಿರಿ. ಒಡೆದುಹೋದರೆ ಹೋಗಲಿ.

ಮನೆಯಲ್ಲಿ ಇಂಥ ಓವನ್ ಇರುವ ಬಂಧುಗಳಿಗೂ ಒಂದು ಮಾತು. ಬಾಗಿಲಿನ ಚೌಕಟ್ಟಿನಲ್ಲಿರುವ ಚೀಟಿಯ ಮಾದರಿ ಸಂಖ್ಯೆಯನ್ನು ಇಂದೇ ಚಿತ್ರ ತೆಗೆದಿಡಿ. ಬಿಸಿಯಾಗದಿದ್ದರೆ ಮೊದಲು ಗಡಿಯಾರ, ಆಮೇಲೆ ಎಂ.ಸಿ.ಬಿ. ನೋಡಿ. ಹಳೆಯ ಎಲಿಮೆಂಟನ್ನು ಗುಜರಿಗೆ ಹಾಕಬೇಡಿ, ಅದೇ ನಿಮ್ಮ ಮಾದರಿ. ಮೈಕ್ರೋವೇವನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಪ್ಲಗ್ಗು ತೆಗೆದ ಮೇಲೂ ಅದರ ಕೆಪಾಸಿಟರಿನಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರಬಹುದು.

ಕಳೆದ ಭಾನುವಾರ ರಾಗಿ ಬಿಸ್ಕತ್ತು ಮಾಡಿದೆ. ತಳವೂ ಮೇಲೂ ಸಮನಾಗಿ ಬೆಂದಿತ್ತು. ಒಂದು ಡಬ್ಬಿ ಪೀಣ್ಯಕ್ಕೆ ಕಳುಹಿಸಿದ್ದೇನೆ, ಜೊತೆಗೆ ಒಂದು ಚೀಟಿ. ಐ.ಟಿ.ಐ. ಕುರಿತು ಅಂದು ಆಡಿದ ಮಾತು ತಪ್ಪಾಗಿತ್ತೆಂದು ಅದರಲ್ಲಿ ಬರೆದಿದ್ದೇನೆ. ಆ ಮಾತನ್ನು ನನ್ನಿಂದ ಕೇಳಿಸಿಕೊಂಡ ಉಳಿದವರು ಇದನ್ನೇ ಆ ಚೀಟಿಯೆಂದು ತಿಳಿಯಿರಿ.