ಅರ್ಧ ಓದಿದ ಥುಸಿಡಿಡೀಸ್

ರಾಷ್ಟ್ರಗಳ ನಡುವೆ ನೀತಿಗೆ ಜಾಗವಿಲ್ಲ, ಬಲವಿದ್ದವನದೇ ನ್ಯಾಯ, ಗ್ರೀಕ್ ಇತಿಹಾಸಕಾರ ಥುಸಿಡಿಡೀಸನಿಂದ ರಾಜಕೀಯ ಚಿಂತಕ ಮಾರ್ಗೆಂಥೌವರೆಗೆ ವಾಸ್ತವವಾದಿಗಳೆಲ್ಲ ಹೇಳಿದ್ದು ಇದನ್ನೇ ಎಂದು ಕಳೆದ ಸಂಚಿಕೆಯ ಲೇಖನ ವಾದಿಸಿದೆ. ದೇಶಗಳು ಮೊದಲು ತಮ್ಮ ಹಿತ ನೋಡಿಕೊಳ್ಳುತ್ತವೆ ಎಂಬಷ್ಟಕ್ಕೆ ನನ್ನ ತಕರಾರಿಲ್ಲ.

ಆದರೆ ಥುಸಿಡಿಡೀಸನ ಚರಿತ್ರೆಯಲ್ಲಿ ಮೆಲೋಸ್ ದ್ವೀಪದವರಿಗೆ ಬಲದ ಪಾಠ ಹೇಳಿದ್ದು ಅಥೆನ್ಸಿನ ದೂತರು. ಥುಸಿಡಿಡೀಸ್ ಅದನ್ನು ಬರೆದಿಟ್ಟ, ಅಷ್ಟೇ. ಪಾತ್ರದ ಮಾತನ್ನು ಲೇಖಕನ ತಲೆಗೆ ಕಟ್ಟುವುದಾದರೆ ಶಕುನಿಯ ಮಾತೆಲ್ಲ ಕುಮಾರವ್ಯಾಸನ ಮತವೇ ಆಗಬೇಕು! ಲೇಖನ ನಿಲ್ಲಿಸಿದ ಪುಟವನ್ನು ತಿರುವಿ ನೋಡಿ. ಅಥೆನ್ಸಿನವರು ಮೆಲೋಸಿನ ಗಂಡಸರನ್ನು ಕೊಂದು, ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಿದ ಪ್ರಸಂಗದ ಬೆನ್ನಿಗೇ ಥುಸಿಡಿಡೀಸ್ ಅವರದೇ ಸಿಸಿಲಿಯ ದಂಡಯಾತ್ರೆಯನ್ನು ಇಡುತ್ತಾನೆ. ಕ್ರಿ.ಪೂ. 415ರಲ್ಲಿ ಬೀಗುತ್ತ ಹೊರಟ ಆ ಸೇನೆ 413ರಲ್ಲಿ ಹಡಗುಗಳ ಸಮೇತ ನಿರ್ನಾಮವಾಯಿತು. 404ರಲ್ಲಿ ಅಥೆನ್ಸೇ ಸ್ಪಾರ್ಟಾಕ್ಕೆ ಶರಣಾಯಿತು. ಇದು ಬಲದ ಸ್ತುತಿಯೋ, ಮದದ ಚರಿತ್ರೆಯೋ?

ಇನ್ನು ಮಾರ್ಗೆಂಥೌ. ಅಮೆರಿಕದ ವಿಯೆಟ್ನಾಂ ಯುದ್ಧವನ್ನು ಅವರು ಬಹಿರಂಗವಾಗಿಯೇ ವಿರೋಧಿಸಿದರು. 2002ರ ಸೆಪ್ಟೆಂಬರಿನಲ್ಲಿ ಇರಾಕ್ ಯುದ್ಧ ಬೇಡವೆಂದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಜಾಹೀರಾತು ಕೊಟ್ಟ 33 ವಿದ್ವಾಂಸರಲ್ಲಿ ವಾಲ್ಟ್ಸ್, ಮಿಯರ್‌ಶೈಮರ್‌ರಂಥ ವಾಸ್ತವವಾದಿಗಳೇ ಇದ್ದರು. ಪ್ರಜಾಪ್ರಭುತ್ವ, ವಿಮೋಚನೆ ಎಂಬ ಧರ್ಮದ ಮಾತುಗಳೆಲ್ಲ ಆಗ ಕೇಳಿಬಂದದ್ದು ಯುದ್ಧ ಬೇಕೆಂದವರ ಬಾಯಿಂದ.