ಕಾಫಿ ಕಣದ ಲೈಟೂ, ಮಹಾವ್ಯಾಧನ ಕೆಂಪೂ

ಮೂಡಿಗೆರೆ ಕಡೆಯವನು ಕ್ಯಾಮೆರಾ ಹಿಡಿದಿದ್ದಾನೆ ಅಂದ್ರೆ ಎಲ್ಲರೂ ಕೇಳೋದು ಒಂದೇ, 'ಹಕ್ಕಿ ಫೋಟೋನಾ?' ನಮ್ಮ ಕಡೆ ಕ್ಯಾಮೆರಾಗಳ ಹಣೆಬರಹವನ್ನ ತೇಜಸ್ವಿಯವರು ಬರೆದಿಟ್ಟು ಹೋಗಿದ್ದಾರೆ :-) ನನ್ನದು ಹಕ್ಕಿ ಅಲ್ಲ ಕಣ್ರೀ, ನೀಹಾರಿಕೆ. ಹಕ್ಕಿ ಹಾರಿ ಹೋಗುತ್ತೆ, ನೀಹಾರಿಕೆ ಎಲ್ಲೂ ಹೋಗಲ್ಲ. (ಭೂಮಿ ತಿರುಗುತ್ತಲ್ಲ, ಅದು ಬೇರೆ ತಲೆನೋವು.)

ಬೆಂಗಳೂರಲ್ಲಿ ಕೋಡ್ ಬರೆಯೋ ನಾನು ಜನವರಿ ಅಮಾವಾಸ್ಯೆ ಹತ್ತಿರ ಬಂದ್ರೆ ಬಣಕಲ್ ಬಸ್ ಹತ್ತುತ್ತೇನೆ. ಮಳೆಗಾಲದಲ್ಲಂತೂ ನಮ್ಮೂರಿಗೆ ಆಕಾಶ ಅನ್ನೋದೇ ಇರಲ್ಲ, ಚಳಿಗಾಲವೇ ಗತಿ. ಜಾಗ, ದೊಡ್ಡಪ್ಪನ ಕಾಫಿ ಕಣ. ಸಿಮೆಂಟ್ ನೆಲ, ಟ್ರೈಪಾಡ್ ಅಲುಗಲ್ಲ. ಸುತ್ತ ಸಿಲ್ವರ್ ಓಕ್ ಇದ್ದರೂ ನೆತ್ತಿ ಬಯಲು. ಧ್ರುವ ನಕ್ಷತ್ರ ಮಾತ್ರ ನಮ್ಮಲ್ಲಿ ಬರೀ 13 ಡಿಗ್ರಿ ಎತ್ತರ, ಚಾಚಿದ ಕೈಯ ಒಂದು ಮುಷ್ಟಿಗಿಂತ ಚೂರು ಮೇಲೆ ಅಷ್ಟೆ. ಭೂಮಿ ತಿರುಗಿದಂತೆ ಕ್ಯಾಮೆರಾವನ್ನೂ ತಿರುಗಿಸೋ ಟ್ರ್ಯಾಕರನ್ನು ಅದಕ್ಕೆ ಗುರಿ ಹಿಡಿಯಬೇಕು, ಅದಕ್ಕೋಸ್ಕರ ಮರದ ಸಂದಿ ಹುಡುಕಿಕೊಂಡು ಕಣದ ತುಂಬಾ ಓಡಾಡೋದು ನೋಡಿ ಮನೆ ನಾಯಿಗೂ ನನ್ನ ಮೇಲೆ ಅನುಮಾನ.

ಮಹಾವ್ಯಾಧನ ಸೊಂಟಪಟ್ಟಿಯ ಮೂರು ನಕ್ಷತ್ರ ಎಲ್ಲರಿಗೂ ಗೊತ್ತು. ಅದರ ಕೆಳಗೆ ನೇತಾಡೋ ಕತ್ತಿಯಲ್ಲಿ ಒಂದು ಮಸುಕು ಚುಕ್ಕೆ ಇದೆ. ಸುಮಾರು 1,350 ಜ್ಯೋತಿರ್ವರ್ಷ ದೂರದ ಆ ಚುಕ್ಕೆ ನಕ್ಷತ್ರಗಳ ಹೆರಿಗೆ ಮನೆ. ಒಳಗೆ ಹುಟ್ಟಿದ ಎಳೇ ನಕ್ಷತ್ರಗಳ ಅತಿನೇರಳೆ ಬೆಳಕಿಗೆ ಸುತ್ತಲಿನ ಹೈಡ್ರೋಜನ್ ಪರಮಾಣು ಎಲೆಕ್ಟ್ರಾನ್ ಕಳಕೊಳ್ಳುತ್ತೆ, ಮತ್ತೆ ಹಿಡಕೊಳ್ಳುತ್ತೆ. ಹಿಡಕೊಂಡು ಸುಧಾರಿಸಿಕೊಳ್ಳುವಾಗ 656 ನ್ಯಾನೋಮೀಟರಿನ ಕೆಂಪು ಬೆಳಕು ಬಿಡುತ್ತೆ. ಕತ್ತಲಲ್ಲಿ ನಮ್ಮ ಕಣ್ಣು ಆ ಕೆಂಪಿಗೆ ಕುರುಡು, ಬೂದಿ ಬಣ್ಣ ಅಷ್ಟೇ ಕಾಣೋದು. ಅದಕ್ಕೇ ಕ್ಯಾಮೆರಾ ಬೇಕು. 1880ರಲ್ಲಿ ಅಮೆರಿಕದ ಹೆನ್ರಿ ಡ್ರೇಪರ್ ಇದರ ಮೊಟ್ಟಮೊದಲ ಫೋಟೋ ತೆಗೆದದ್ದು 51 ನಿಮಿಷ ಎಕ್ಸ್‌ಪೋಶರ್ ಕೊಟ್ಟು. ನನ್ನದು ಹಳೇ ಡಿಎಸ್‌ಎಲ್‌ಆರ್, ಒಂದೊಂದು ನಿಮಿಷದ ತೊಂಬತ್ತು ಫೋಟೋ ತೆಗೆದು ಕಂಪ್ಯೂಟರಲ್ಲಿ ಒಂದರ ಮೇಲೊಂದು ಪೇರಿಸೋದು. ಅಷ್ಟರಲ್ಲಿ ಲೆನ್ಸ್ ಮೇಲೆ ಇಬ್ಬನಿ ಕೂತಿರುತ್ತೆ, ಒರೆಸಿ ಮತ್ತೆ ಶುರು.

ಈ ವರ್ಷ ಹೋದ್ರೆ ಕಣದ ಮೂಲೆಯಲ್ಲಿ ನೂರು ವ್ಯಾಟಿನ ಎಲ್‌ಇಡಿ ಫ್ಲಡ್ ಲೈಟು! ಆರಿಸಿ ಅಂದೆ.

"ಅಲ್ಲ ಮಾರಾಯ, ಕಾಫಿಗೆ ರೇಟು ಬಂದದ್ದು ಕಳ್ಳರಿಗೆ ಗೊತ್ತಾಗ್ಲಿಲ್ಲ ಅಂದ್ಕೊಂಡ್ಯಾ? ಕಳ್ಳ ಬಿಡು, ಆನೆ ಬಂದ್ರೆ ನಿನ್ನ ನಕ್ಷತ್ರ ಬೆಳಕು ಕೊಡುತ್ತಾ?"

ನನ್ನ ಹತ್ರ ಉತ್ತರ ಇರಲಿಲ್ಲ. ಬೆಳಿಗ್ಗೆ ತೋಟಕ್ಕೆ ಹೋಗೋದು ಅವರು, ಬೆಂಗಳೂರಿಗೆ ಬಸ್ ಹತ್ತೋದು ನಾನು.

ಆಫೀಸಲ್ಲಿ ಇದನ್ನ ಹೇಳಿದ್ರೆ, ಇದೇ ಹುಚ್ಚಿರೋ ಗೆಳೆಯನೊಬ್ಬ ನಕ್ಕ. 'ಬಣಕಲ್ ಯಾಕೋ? ಫಿಲ್ಟರ್ ಹಾಕು, ಟೆರೇಸ್ ಮೇಲಿಂದಲೇ ತೆಗಿ.' ಸುಳ್ಳಲ್ಲ. ನೀಹಾರಿಕೆಯ ಹೈಡ್ರೋಜನ್ನಿನ ಕೆಂಪು, ಆಕ್ಸಿಜನ್ನಿನ ಹಸಿರುನೀಲಿ ಎರಡನ್ನೇ ಒಳಗೆ ಬಿಟ್ಟು ಉಳಿದದ್ದನ್ನ ತಡೆಯೋ ಫಿಲ್ಟರ್ ಸಿಗುತ್ತೆ. ಬೆಂಗಳೂರಿನ ಬೂದು ಆಕಾಶದಲ್ಲೂ ಅವನು ತೆಗೆದ ಫೋಟೋ ನನ್ನದಕ್ಕಿಂತ ಚೆನ್ನಾಗಿದೆ, ಹೊಟ್ಟೆ ಉರಿಯುತ್ತೆ.

ಆದ್ರೆ ನನ್ನ ತಕರಾರು ಇರೋದೇ ಇಲ್ಲಿ. ಆ ಫಿಲ್ಟರ್ ಉಳಿಸೋದು ಫೋಟೋಗ್ರಾಫರನ್ನ, ಆಕಾಶವನ್ನಲ್ಲ. ಫೋಟೋವನ್ನೂ ಪೂರ್ತಿ ಉಳಿಸಲ್ಲ ಅನ್ನಿ. ನಕ್ಷತ್ರ ಹುಟ್ಟೋದು ಅನಿಲ ಮತ್ತು ಧೂಳಲ್ಲಿ. ಧೂಳು ಪಕ್ಕದ ನಕ್ಷತ್ರದ ಬೆಳಕನ್ನ ಪ್ರತಿಫಲಿಸುತ್ತೆ ಅಷ್ಟೆ, ಅದರಲ್ಲಿ ಎಲ್ಲಾ ಬಣ್ಣವೂ ಇರುತ್ತೆ. ಮಹಾವ್ಯಾಧನ ಕತ್ತಿಯಲ್ಲೇ ಸ್ವಲ್ಪ ಮೇಲಿರೋ ಆ ತಿಳಿನೀಲಿ ಮೋಡವನ್ನ ಫಿಲ್ಟರ್ ಹೆಚ್ಚುಕಮ್ಮಿ ನುಂಗಿಹಾಕುತ್ತೆ. ಮೊದಲಿನ ಸೋಡಿಯಂ ದೀಪದ ಹಳದಿಯನ್ನಾದ್ರೂ ಸೋಸಿ ತೆಗೀಬಹುದಿತ್ತು, ಬಿಳೀ ಎಲ್‌ಇಡಿ ಬಣ್ಣಪಟ್ಟಿಯ ತುಂಬಾ ಚೆಲ್ಲಿಕೊಂಡಿರುತ್ತೆ. ಅಷ್ಟಕ್ಕೂ, ಏನೂ ಉಪಕರಣ ಇಲ್ಲದೆ ಅಂಗಳದಲ್ಲಿ ನಿಂತು ಆಕಾಶಗಂಗೆ ನೋಡೋ ದೊಡ್ಡಪ್ಪನ ಮೊಮ್ಮಗಳ ಕಣ್ಣಿಗೆ ಯಾವ ಫಿಲ್ಟರ್ ಹಾಕೋಣ?

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು 4,500 ಮೀಟರ್ ಎತ್ತರದ ಲಡಾಖಿನ ಹಾನ್ಲೆಗೆ ಹೋಗಿ ದೂರದರ್ಶಕ ಇಟ್ಟಿದ್ದಾರೆ, ಅದನ್ನ ನಡೆಸೋದು ನಮ್ಮ ಹೊಸಕೋಟೆಯಲ್ಲಿ ಕೂತು. 2022ರಲ್ಲಿ ಅಲ್ಲಿ ಕತ್ತಲೆಯ ಮೀಸಲು ಪ್ರದೇಶ ಆಯ್ತು. ಊರವರಿಗೇ ತರಬೇತಿ, ಟೆಲಿಸ್ಕೋಪು ಕೊಟ್ಟರು. ಬರೋ ಪ್ರವಾಸಿಗಳಿಗೆ ಆಕಾಶ ತೋರಿಸೋದು ಊರವರೇ. ನಮ್ಮಲ್ಲಿ ಹೋಂಸ್ಟೇಗಳು 'ಪ್ರಕೃತಿಯ ಮಡಿಲು' ಅಂತ ಬೋರ್ಡ್ ಹಾಕಿ ಮರಕ್ಕೆಲ್ಲಾ ಸೀರಿಯಲ್ ಸೆಟ್ ಸುತ್ತುತ್ತವೆ. ಅದಕ್ಕೆ ಯಾವ ಆನೆಯ ನೆಪವೂ ಇಲ್ಲ.

ದೊಡ್ಡಪ್ಪನ ಲೈಟನ್ನ ಮಾತ್ರ ಆರಿಸಿ ಅಂತ ನಾನಿನ್ನು ಕೇಳಲ್ಲ. ಮಾರನೇ ದಿನ ಹಗಲಲ್ಲಿ ಏಣಿ ಹಾಕಿ ನೋಡಿದೆ. ಲೈಟು ಮುಖ ಎತ್ತಿಕೊಂಡು ಅರ್ಧ ಬೆಳಕನ್ನ ಸಿಲ್ವರ್ ಓಕಿನ ತುದಿಗೆ ಬಿಡ್ತಾ ಇದೆ, ಕಾಫಿ ಇರೋದು ನೆಲದ ಮೇಲೆ! ಬಗ್ಗಿಸಿ, ಮೇಲೊಂದು ತಗಡಿನ ಮುಚ್ಚಿಗೆ ಕಟ್ಟಿದ್ರೆ ಕಣಕ್ಕೇ ಇನ್ನೂ ಜಾಸ್ತಿ ಬೆಳಕು ಅಂದೆ. ದೊಡ್ಡಪ್ಪ ಸ್ವಲ್ಪ ಹೊತ್ತು ಲೈಟನ್ನೇ ನೋಡಿ, "ಹಳೇ ಎಣ್ಣೆ ಡಬ್ಬ ಕೊಟ್ಟಿಗೆ ಅಟ್ಟದ ಮೇಲಿದೆ, ನೀನೇ ಕತ್ತರ್ಸು" ಅಂದ್ರು.

ಮುಂದಿನ ಅಮಾವಾಸ್ಯೆಗೆ ಕತ್ತರಿ ತಗೊಂಡು ಹೋಗ್ತಿದೀನಿ. ಫೋಟೋ ಬಂದ್ರೆ ಹಾಕ್ತೀನಿ :-)