ಫೋಟೋ ಹೊಡೆದಿರಿ, ಹೆಸರು ಕೇಳಿದಿರಾ?

ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವ ಅಜ್ಜಿ, ಮೂಟೆ ಹೊರುವ ಹಮಾಲಿ, ಯಾರನ್ನೂ ಬಿಟ್ಟಿಲ್ಲ. ಮೊಬೈಲ್ ಹಿಡಿದು ಫೋಟೋ ಹೊಡೆಯೋದು, ಕೆಳಗೊಂದು ಕರುಳು ಹಿಂಡುವ ಕಥೆ ಬರೆಯೋದು ಈಗ ಎಲ್ಲ ಊರಿನ ಹುಡುಗರ ಹವ್ಯಾಸ. ಬರೆಯಲಿ, ಸಂತೋಷ. ಆದರೆ ಮೊದಲು ಒಪ್ಪಿಗೆ ಕೇಳಿ, ಹೆಸರು ಕೇಳಿ, ಒಂದು ಪ್ರಿಂಟ್ ಹಾಕಿಸಿ ಅವರಿಗೂ ಕೊಡಿ ಸ್ವಾಮಿ!

1936ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಟಾಣಿ ಬೆಳೆ ಹಾಳಾಗಿ, ಕೂಲಿಯಿಲ್ಲದೆ ಮಕ್ಕಳೊಂದಿಗೆ ಕೂತಿದ್ದ ತಾಯಿಯೊಬ್ಬಳ ಚಿತ್ರವನ್ನು ಸರ್ಕಾರಿ ಫೋಟೋಗ್ರಾಫರ್ ಡೊರೊಥಿಯಾ ಲ್ಯಾಂಗ್ ತೆಗೆದರು. ವಯಸ್ಸು ಕೇಳಿದರು, 32. ಹೆಸರು ಕೇಳಲಿಲ್ಲ. ಚಿತ್ರ ಪತ್ರಿಕೆಯಲ್ಲಿ ಬಂತು. ಕೂಲಿಗಳ ಬಿಡಾರಕ್ಕೆ ಸರ್ಕಾರ ಸುಮಾರು 9 ಟನ್ ಆಹಾರ ಕಳಿಸಿತು. ಅಷ್ಟರಲ್ಲಿ ಆ ಸಂಸಾರ ಗಂಟುಮೂಟೆ ಕಟ್ಟಿಕೊಂಡು ಹೋಗಿಯಾಗಿತ್ತು! ಹೆಸರಿಲ್ಲದ ಮೇಲೆ ಹುಡುಕೋದು ಯಾರನ್ನ?

ಚಿತ್ರ ಲೋಕಪ್ರಸಿದ್ಧವಾಯಿತು. ಅದು ಸರ್ಕಾರದ ಸ್ವತ್ತು, ಲ್ಯಾಂಗ್ ಅವರಿಗೂ ಅದರಿಂದ ರಾಯಧನ ಬರಲಿಲ್ಲ ಅನ್ನೋದು ನಿಜ, ಕೀರ್ತಿಯಂತೂ ಬಂತು. ಆ ತಾಯಿ ಫ್ಲಾರೆನ್ಸ್ ಥಾಂಪ್ಸನ್ ಎಂದು ಜನಕ್ಕೆ ತಿಳಿದದ್ದು 1978ರಲ್ಲಿ. ಪತ್ತೆ ಮಾಡಿದ್ದು ಮೊಡೆಸ್ಟೊ ಎಂಬ ಊರಿನ ಪತ್ರಿಕೆಯ ವರದಿಗಾರ (ನಮ್ಮಂಥವನೇ!). ತನಗೊಂದು ಕಾಸೂ ಸಿಗಲಿಲ್ಲವೆಂದು ಆಕೆ ನೊಂದುಕೊಂಡಿದ್ದಳು. 1983ರಲ್ಲಿ ಆಕೆ ಹಾಸಿಗೆ ಹಿಡಿದಾಗ ಮಕ್ಕಳು ನೆರವು ಕೇಳಿದರು; ಹೆಸರು ಗೊತ್ತಿದ್ದ ಜನ ಸಾವಿರಾರು ಡಾಲರ್ ಕಳಿಸಿದರು. ಅದೇ ವರ್ಷ ಆಕೆ ತೀರಿಕೊಂಡಳು.